ಬೊಜ್ಜು ಅವನದು, ಇಂಜೆಕ್ಷನ್ ಅವಳಿಗೆ: ಗಂಡಸರ ಫಲವತ್ತತೆಯ ಬಗ್ಗೆ ನಾವು ಆಡದ ಮಾತು

ಮದುವೆಯಾಗಿ ಒಂದೂವರೆ ವರ್ಷ ಆಗಿದೆ ಅಂದ್ಕೊಳ್ಳಿ. ಯಾವುದೋ ಗೃಹಪ್ರವೇಶ, ಯಾವುದೋ ನಾಮಕರಣ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಮ್ಮನೋ ಚಿಕ್ಕಮ್ಮನೋ ಹೆಂಡತಿಯ ಕಿವಿ ಹತ್ತಿರ ಬಗ್ಗಿ ಕೇಳ್ತಾರೆ, “ಏನಮ್ಮಾ, ಏನಾದ್ರೂ ವಿಶೇಷ?” ಅದೇ ಸಾಲಿನಲ್ಲಿ ನಾಲ್ಕು ಎಲೆ ಆಚೆ ಗಂಡ ಕೂತಿರ್ತಾನೆ. ಆರತಕ್ಷತೆಗೆ ಹೊಲಿಸಿದ್ದ ಸೂಟಿನ ಗುಂಡಿ ಈಗ ಅವನಿಗೆ ಹಾಕೋಕೆ ಬರಲ್ಲ. ಅವನಿಗೂ ಒಂದು ಮಾತು ಬೀಳುತ್ತೆ, “ಪರವಾಗಿಲ್ಲ ಕಣಯ್ಯ, ಮೈಕೈ ತುಂಬ್ಕೊಂಡಿದೀಯ, ಹೆಂಡ್ತಿ ಚೆನ್ನಾಗಿ ನೋಡ್ಕೋತಿದಾಳೆ.” ಅವಳಿಗೆ ಬಿದ್ದದ್ದು ಪ್ರಶ್ನೆ, ಅವನಿಗೆ ಸಿಕ್ಕಿದ್ದು ಸರ್ಟಿಫಿಕೇಟು. ಈ ಎರಡು ಮಾತುಗಳಿಗೆ ಒಂದಕ್ಕೊಂದು ಸಂಬಂಧ ಇರಬಹುದು ಅನ್ನೋದು ಆ ಪಂಕ್ತಿಯಲ್ಲಿ ಯಾರಿಗೂ ಹೊಳೆಯಲ್ಲ.

ಸಂಬಂಧ ಇದೆ. ಗಂಡಸಿನ ಬೊಜ್ಜು ಅವನ ವೀರ್ಯಾಣುಗಳ ಸಂಖ್ಯೆ, ಚಲನೆ, ಅವುಗಳೊಳಗಿನ ಡಿಎನ್‌ಎ ಎಲ್ಲವನ್ನೂ ಕೆಡಿಸಬಲ್ಲದು ಅಂತ ಹೇಳುವ ಅಧ್ಯಯನಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಸಾಕಷ್ಟು ಬಂದಿವೆ. ವೈದ್ಯಕೀಯ ವಲಯಕ್ಕೆ ಇದು ಹಳೇ ಸುದ್ದಿ. ನಮ್ಮ ಮನೆಗಳಿಗೆ, ನಮ್ಮ ಆರೋಗ್ಯ ನೀತಿಗೆ ಇನ್ನೂ ಮುಟ್ಟದ ಸುದ್ದಿ. ಮುಟ್ಟದೇ ಇರೋದರ ಬೆಲೆಯನ್ನು ಯಾರು ತೆರ್ತಿದಾರೆ ಅನ್ನೋದೇ ಈ ಬರಹದ ವಿಷಯ.

ಮೊದಲು ನಮ್ಮ ಭಾಷೆಯನ್ನೇ ನೋಡಿ. ‘ಬಂಜೆ’ ಅನ್ನೋ ಪದ ಇದೆ, ಅದು ಹೆಣ್ಣಿಗೆ. ‘ಬಂಜರು’ ಇದೆ, ಅದು ಭೂಮಿಗೆ. ಮಕ್ಕಳಾಗದ ಗಂಡಸಿಗೆ ದಿನಬಳಕೆಯ ಕನ್ನಡದಲ್ಲಿ ಪದವೇ ಇಲ್ಲ. ಇರುವ ‘ಷಂಡ’, ‘ಗಂಡಸ್ತನ ಇಲ್ಲದವನು’ ಎಂಬ ಬೈಗುಳಗಳು ಹೇಳೋದು ಬೇರೆ ಸಮಸ್ಯೆಯನ್ನ, ಅಂದ್ರೆ ಲೈಂಗಿಕ ಕ್ರಿಯೆಯ ಅಸಾಮರ್ಥ್ಯವನ್ನ. ವೀರ್ಯಾಣು ಕಡಿಮೆ ಇರೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಲೈಂಗಿಕ ಜೀವನ ಪೂರ್ತಿ ಸರಿಯಾಗಿರುವ, ವೀರ್ಯ ನೋಡೋಕೆ ಮಾಮೂಲಾಗಿಯೇ ಇರುವ ಗಂಡಸಿನಲ್ಲಿ ವೀರ್ಯಾಣು ಒಂದೂ ಇಲ್ಲದಿರಬಹುದು. ಬರಿಗಣ್ಣಿಗೆ ಗೊತ್ತಾಗಲ್ಲ, ಮೈಕ್ರೋಸ್ಕೋಪ್ ಬೇಕು. ಆದರೆ ಪದವೇ ಇಲ್ಲದ ಸಮಸ್ಯೆಗೆ ಪರೀಕ್ಷೆ ಮಾಡಿಸಿ ಅಂದ್ರೆ ಗಂಡಸಿನ ಕಿವಿಗೆ ಅದು ‘ನಿನ್ನ ಗಂಡಸ್ತನ ಪರೀಕ್ಷೆ ಮಾಡ್ಸು’ ಅಂತಲೇ ಕೇಳಿಸುತ್ತೆ. ಹಾಗಾಗಿ ಅವನು ಹೋಗಲ್ಲ. ಅವಳು ಅರಳಿಕಟ್ಟೆ ಸುತ್ತುತ್ತಾಳೆ, ನಾಗಪ್ರತಿಷ್ಠೆ ಮಾಡಿಸ್ತಾಳೆ, ಆಮೇಲೆ ಸ್ಕ್ಯಾನಿಂಗ್‌ಗೆ ಹೋಗ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇ. 17.5 ಮಂದಿ, ಅಂದ್ರೆ ಸುಮಾರು ಆರರಲ್ಲಿ ಒಬ್ಬರು, ಬದುಕಿನ ಒಂದಲ್ಲ ಒಂದು ಹಂತದಲ್ಲಿ ಮಕ್ಕಳಾಗದ ಸಮಸ್ಯೆ ಎದುರಿಸ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಇರುತ್ತೆ. ಗಂಡಸಿನ ಕಡೆಯ ಕಾರಣಗಳು ಹಲವು. ವೃಷಣದ ರಕ್ತನಾಳ ಉಬ್ಬೋದು, ಸೋಂಕು, ವಂಶವಾಹಿ ತೊಂದರೆ, ಸಿಗರೇಟು, ಕೀಟನಾಶಕ ಹೀಗೆ. ಬೊಜ್ಜು ಅದರಲ್ಲಿ ಒಂದು. ಆದರೆ ಉಳಿದ ಹಲವಕ್ಕಿಂತ ವೇಗವಾಗಿ ಬೆಳೀತಿರೋದು, ಮತ್ತು ಮುಖ್ಯವಾಗಿ, ಹಿಂದಕ್ಕೆ ತಿರುಗಿಸಲು ಸಾಧ್ಯವಿರೋದು ಇದೇ.

ಕೊಬ್ಬು ಸುಮ್ಮನೆ ಕೂರಲ್ಲ

ಹೊಟ್ಟೆಯ ಕೊಬ್ಬನ್ನ ನಾವು ಗೋದಾಮು ಅಂದ್ಕೊಂಡಿದೀವಿ. ಮಿಕ್ಕಿದ್ದನ್ನ ಪೇರಿಸಿಡೋ ಜಾಗ. ಅದು ನಿಜಕ್ಕೂ ಒಂದು ಫ್ಯಾಕ್ಟರಿ. ಅಲ್ಲಿ ಅರೋಮಟೇಸ್ ಅನ್ನೋ ಕಿಣ್ವ ಇರುತ್ತೆ. ಅದರ ಕೆಲಸ ಟೆಸ್ಟೋಸ್ಟಿರಾನ್ ಅನ್ನು ಈಸ್ಟ್ರೋಜನ್ ಆಗಿ ಬದಲಾಯಿಸೋದು. ಎಲ್ಲ ಗಂಡಸರ ದೇಹದಲ್ಲೂ ಸ್ವಲ್ಪ ಈಸ್ಟ್ರೋಜನ್ ಇರುತ್ತೆ, ಇರಲೇಬೇಕು. ಕೊಬ್ಬು ಹೆಚ್ಚಾದಷ್ಟೂ ಈ ಬದಲಾವಣೆ ಹೆಚ್ಚಾಗುತ್ತೆ ಅನ್ನೋದು ತೊಂದರೆ.

ಇಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನೆನಪಿರಬಹುದು. (ನನಗೆ ನೆನಪಿರೋದು ಆ ಪೇಪರ್‌ನ ಭಯ ಮಾತ್ರ, ಆದ್ರೂ ಈ ಭಾಗ ಅರ್ಥವಾಗಿತ್ತು.) ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಸ್ವಿಚ್ ಥರ. ನೀರು ತುಂಬಿದೆ ಅಂತ ಫ್ಲೋಟ್ ಹೇಳಿದರೆ ಮೋಟರ್ ಆಫ್ ಆಗುತ್ತೆ. ಮೆದುಳಿನ ಹೈಪೊಥಲಾಮಸ್ ಮತ್ತು ಪಿಟ್ಯೂಟರಿ ಗ್ರಂಥಿ ಸೇರಿ ವೃಷಣಗಳಿಗೆ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನುಗಳ ಮೂಲಕ ‘ಕೆಲಸ ಶುರು ಮಾಡಿ’ ಅಂತ ಆಜ್ಞೆ ಕಳಿಸ್ತವೆ. ರಕ್ತದಲ್ಲಿ ಈಸ್ಟ್ರೋಜನ್ ಹೆಚ್ಚಾಗಿ ಕಂಡರೆ, ಸಾಕಷ್ಟು ಹಾರ್ಮೋನು ಇದೆ ಅಂತ ಮೆದುಳು ತಪ್ಪು ತಿಳ್ಕೊಂಡು ಆಜ್ಞೆಯನ್ನೇ ತಗ್ಗಿಸುತ್ತೆ. ಟ್ಯಾಂಕು ಖಾಲಿ, ಫ್ಲೋಟು ಮೇಲೆ ಸಿಕ್ಕಿಹಾಕ್ಕೊಂಡಿದೆ. ವೃಷಣದಲ್ಲಿ ಟೆಸ್ಟೋಸ್ಟಿರಾನ್ ಇನ್ನೂ ಇಳಿಯುತ್ತೆ, ವೀರ್ಯಾಣು ತಯಾರಿ ಕುಂಟುತ್ತೆ. ಟೆಸ್ಟೋಸ್ಟಿರಾನ್ ಇಳಿದರೆ ಸ್ನಾಯು ಕರಗಿ ಕೊಬ್ಬು ಕೂಡೋದು ಸುಲಭ, ಕೊಬ್ಬು ಕೂಡಿದರೆ ಟೆಸ್ಟೋಸ್ಟಿರಾನ್ ಮತ್ತೆ ಇಳಿಯುತ್ತೆ. ಸುತ್ತು ಪೂರ್ತಿಯಾಯ್ತು.

ಇದು ಒಂದು ದಾರಿ. ಇನ್ನೊಂದು, ಶಾಖ. ವೃಷಣಗಳು ದೇಹದ ಹೊರಗೆ ತೂಗೋದಕ್ಕೆ ಕಾರಣ ಇದೆ, ವೀರ್ಯಾಣು ತಯಾರಾಗೋಕೆ ದೇಹದ ಒಳಗಿನದಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ತೊಡೆ, ಕೆಳಹೊಟ್ಟೆಯ ಕೊಬ್ಬು ಸುತ್ತುವರಿದು, ಜೊತೆಗೆ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲೋ ಡ್ರೈವರ್ ಸೀಟಿನಲ್ಲೋ ಕೂತರೆ ಆ ಅಂತರ ಉಳಿಯಲ್ಲ.

ಮೂರನೆಯದು ಸಂಖ್ಯೆಗಿಂತ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಬೊಜ್ಜಿನ ಜೊತೆ ದೇಹದಲ್ಲಿ ಸಣ್ಣಗೆ ಉರಿಯೂತ ಸದಾ ಇರುತ್ತೆ, ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚುತ್ತೆ. ಬೇರೆ ಜೀವಕೋಶಗಳಿಗೆ ಇಂಥ ಹಾನಿಯನ್ನ ರಿಪೇರಿ ಮಾಡ್ಕೊಳ್ಳೋ ಸಾಮಾನು ತಮ್ಮೊಳಗೇ ಇರುತ್ತೆ. ವೀರ್ಯಾಣು ಹಾಗಲ್ಲ, ತಲೆಯಲ್ಲಿ ಡಿಎನ್‌ಎ, ಹಿಂದೆ ಬಾಲ, ನಡುವೆ ಒಂದಿಷ್ಟು ಶಕ್ತಿ ಕೇಂದ್ರ ಅಷ್ಟೇ. ಸ್ಟೆಪ್ನಿ ಇಲ್ಲದ ಗಾಡಿ. ಡಿಎನ್‌ಎ ಎಳೆ ತುಂಡಾದರೆ ತುಂಡಾಯ್ತು. ವರದಿಯಲ್ಲಿ ಸಂಖ್ಯೆ ಸರಿಯಾಗಿ ಕಂಡರೂ ಒಳಗಿನ ಸಾಮಾನು ಕೆಟ್ಟಿರಬಹುದು. ವೀರ್ಯಾಣುವಿನ ಡಿಎನ್‌ಎ ಹಾನಿಗೂ ಗರ್ಭಪಾತಕ್ಕೂ ನಂಟಿದೆ ಅಂತ ಅಧ್ಯಯನಗಳು ತೋರಿಸಿವೆ. ಗರ್ಭ ನಿಲ್ಲದಿದ್ದಾಗ ನಾವು ಕೇಳೋದು “ಅವಳು ಭಾರ ಎತ್ತಿದ್ಲಾ? ಪಪ್ಪಾಯ ತಿಂದ್ಲಾ?” ಅಂತ. ಅವನ ಸೊಂಟದ ಸುತ್ತಳತೆ ಎಷ್ಟು ಅಂತ ಯಾರೂ ಕೇಳಿದ್ದಿಲ್ಲ.

ಅಂಕಿಗಳು ಏನು ಹೇಳ್ತವೆ, ಏನು ಹೇಳಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಯಾಕಂದ್ರೆ ‘ದಪ್ಪ ಇದ್ರೆ ಮಕ್ಕಳಾಗಲ್ಲ’ ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗೂ ಅಧ್ಯಯನಗಳಿಗೂ ಬಹಳ ದೂರ ಇದೆ. 2010ರಲ್ಲಿ ಬಂದ ಒಂದು ಸಮಗ್ರ ವಿಶ್ಲೇಷಣೆಗೆ ಬಿಎಂಐ ಮತ್ತು ವೀರ್ಯಾಣು ಸಾಂದ್ರತೆಯ ನಡುವೆ ಗಟ್ಟಿ ಸಂಬಂಧ ಕಾಣಲೇ ಇಲ್ಲ. 2013ರಲ್ಲಿ ಬಂದ ಇನ್ನೊಂದು 21 ಅಧ್ಯಯನಗಳ, 13,077 ಗಂಡಸರ ಮಾಹಿತಿಯನ್ನ ಒಟ್ಟು ಮಾಡಿತು. ವೀರ್ಯಾಣು ಕಡಿಮೆ ಇರುವ ಅಥವಾ ಒಂದೂ ಇಲ್ಲದಿರುವ ಸಾಧ್ಯತೆಯ ಅನುಪಾತ, ಸಾಮಾನ್ಯ ತೂಕದವರನ್ನ 1 ಅಂತ ಇಟ್ಕೊಂಡರೆ, ಅಧಿಕ ತೂಕದವರಲ್ಲಿ 1.11, ಬೊಜ್ಜಿರುವವರಲ್ಲಿ 1.28, ತೀವ್ರ ಬೊಜ್ಜಿರುವವರಲ್ಲಿ 2.04. ತೂಕ ಏರಿದಂತೆ ಅಪಾಯ ಏರುತ್ತೆ. ಆದರೆ 1.28 ಅಂದ್ರೆ ಏನು? ದಪ್ಪಗಿರುವ ಬಹುಪಾಲು ಗಂಡಸರಿಗೆ ಮಕ್ಕಳಾಗ್ತವೆ ಅಂತಲೇ ಅರ್ಥ. ಒಬ್ಬನ ಹೊಟ್ಟೆ ನೋಡಿ ಅವನ ವೀರ್ಯದ ವರದಿ ಹೇಳೋಕಾಗಲ್ಲ. ಆದರೆ ಇಡೀ ಸಮಾಜದ ಹೊಟ್ಟೆ ಒಟ್ಟಿಗೇ ಬೆಳೆದಾಗ ಈ ಸಣ್ಣ ಅಂಕಿಯೇ ಲಕ್ಷಾಂತರ ಮನೆಗಳಾಗುತ್ತೆ.

ಬೆಳೀತಿದೆಯಾ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2005-06ರಲ್ಲಿ ದೇಶದ ಗಂಡಸರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದವರು ಶೇ. 9.3. 2019-21ರಲ್ಲಿ ಶೇ. 22.9. ಹದಿನೈದು ವರ್ಷದಲ್ಲಿ ಎರಡೂವರೆ ಪಟ್ಟು ಹತ್ತಿರ. ಕರ್ನಾಟಕದಲ್ಲಿ ಅದೇ ಸಮೀಕ್ಷೆಯಲ್ಲಿ ಗಂಡಸರು ಶೇ. 30.9, ಹೆಂಗಸರು ಶೇ. 30.1. ಅಂದ್ರೆ ನಮ್ಮ ರಾಜ್ಯದಲ್ಲಿ ಹತ್ತು ಗಂಡಸರಲ್ಲಿ ಮೂವರು. ಇದು ಬಿಎಂಐ 25 ದಾಟಿದವರ ಲೆಕ್ಕ. ಭಾರತೀಯರಿಗೆ ಅದೇ ತೂಕದಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು, ಹಾಗಾಗಿ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಎಣಿಸ್ತಾರೆ. ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಬಾರದು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ನಮ್ಮ ಮಾಮೂಲಿ ‘ಫ್ಯಾಮಿಲಿ ಪ್ಯಾಕ್’ ಇದೆಯಲ್ಲ, ನಮ್ಮ ಬ್ಯಾಚಿನ ಗ್ರೂಪಿನಲ್ಲಿ ವಾರಕ್ಕೊಂದು ಜೋಕು ಬರೋದು ಅದರ ಮೇಲೆ, ಅಪಾಯ ಇರೋದೂ ಅದರಲ್ಲೇ.

ಕರ್ನಾಟಕದ್ದೇ ಇನ್ನೊಂದು ದಾಖಲೆ ಇದೆ. ಮಣಿಪಾಲದ ಸಂಶೋಧಕರು 1993ರಿಂದ 2005ರವರೆಗೆ ತಮ್ಮಲ್ಲಿ ವೀರ್ಯ ಪರೀಕ್ಷೆಗೆ ಬಂದ 7,770 ಗಂಡಸರ ವರದಿಗಳನ್ನ ಜೋಡಿಸಿ 2008ರಲ್ಲಿ ಪ್ರಕಟಿಸಿದರು. ಮೊದಲ ಎರಡು ವರ್ಷ ಮಿಲಿಲೀಟರಿಗೆ ಸರಾಸರಿ 38 ಮಿಲಿಯನ್ ಇದ್ದ ವೀರ್ಯಾಣು ಸಾಂದ್ರತೆ, ಕೊನೆಯ ಎರಡು ವರ್ಷಕ್ಕೆ 26.6 ಮಿಲಿಯನ್‌ಗೆ ಇಳಿದಿತ್ತು. ಚಲನೆಯೂ ಕುಸಿದಿತ್ತು. ಇವರೆಲ್ಲ ಮಕ್ಕಳಾಗದೆ ಆಸ್ಪತ್ರೆಗೆ ಬಂದವರು, ಹಾಗಾಗಿ ಊರಿನ ಎಲ್ಲ ಗಂಡಸರಿಗೂ ಇದನ್ನ ಅನ್ವಯಿಸೋಕಾಗಲ್ಲ, ಬೊಜ್ಜೇ ಕಾರಣ ಅಂತಲೂ ಈ ದಾಖಲೆ ಹೇಳಲ್ಲ. ಜಾಗತಿಕ ಮಟ್ಟದಲ್ಲಿ 1973ರಿಂದ 2018ರ ನಡುವೆ ವೀರ್ಯಾಣು ಸಾಂದ್ರತೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ ಅಂತ 2022ರ ಪ್ರಸಿದ್ಧ ವಿಶ್ಲೇಷಣೆ ಹೇಳಿತು. ಅದರ ಲೆಕ್ಕಾಚಾರದ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ನಾನು ಆ ಜಗಳದಲ್ಲಿ ಪಕ್ಷ ವಹಿಸಲ್ಲ. ‘ಮನುಕುಲದ ಅಂತ್ಯ’ ಥರದ ಹೆಡ್‌ಲೈನ್‌ಗಳಿಂದ ಯಾರಿಗೂ ಉಪಯೋಗ ಇಲ್ಲ.

ಉಪಯೋಗ ಇರೋ ಅಧ್ಯಯನ ಇನ್ನೊಂದಿದೆ. ಡೆನ್ಮಾರ್ಕಿನಲ್ಲಿ ಬೊಜ್ಜಿರುವ 56 ಗಂಡಸರಿಗೆ ಎಂಟು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಸರಾಸರಿ 16.5 ಕೆಜಿ ಇಳಿದರು. ವೀರ್ಯಾಣು ಸಾಂದ್ರತೆ ಸುಮಾರು ಶೇ. 49, ಒಟ್ಟು ಸಂಖ್ಯೆ ಸುಮಾರು ಶೇ. 41 ಏರಿತು. ಒಂದು ವರ್ಷದ ನಂತರ ನೋಡಿದಾಗ ತೂಕ ಮತ್ತೆ ಏರದಂತೆ ಉಳಿಸಿಕೊಂಡವರಲ್ಲಿ ಈ ಲಾಭವೂ ಉಳಿದಿತ್ತು, ತೂಕ ವಾಪಸ್ ಬಂದವರಲ್ಲಿ ಹೋಗಿತ್ತು. 2022ರಲ್ಲಿ ಪ್ರಕಟವಾದ ಈ ಪ್ರಯೋಗ ಸಣ್ಣದು. ವೀರ್ಯಾಣು ಹೆಚ್ಚಾದ ಮಾತ್ರಕ್ಕೆ ಮಕ್ಕಳು ಹೆಚ್ಚು ಹುಟ್ಟಿದವು ಅಂತ ಅದು ಹೇಳಿಲ್ಲ. ಆದರೂ ಹೊಸ ವೀರ್ಯಾಣು ತಯಾರಾಗೋಕೆ ಬೇಕಿರೋದು ಸುಮಾರು 74 ದಿನ, ಹೊರಬರೋ ದಾರಿಯನ್ನೂ ಸೇರಿಸಿದರೆ ಮೂರು ತಿಂಗಳು. ಹೆಣ್ಣು ಹುಟ್ಟುವಾಗಲೇ ತನ್ನ ಅಂಡಾಣುಗಳ ಸಂಗ್ರಹವನ್ನ ಹೊತ್ತು ಬರ್ತಾಳೆ, ಅದು ಕರಗ್ತಾ ಹೋಗುತ್ತೆ. ಗಂಡಸಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ಹೊಸ ಬ್ಯಾಚ್. ಪ್ರಕೃತಿ ಇಷ್ಟು ಅವಕಾಶ ಕೊಟ್ಟಿರೋದು ಅವನಿಗೆ. ನಾವು ಪರೀಕ್ಷೆಗೆ ಕಳಿಸೋದು ಅವಳನ್ನ.

ಯಾರ ದೇಹದ ಮೇಲೆ ಚಿಕಿತ್ಸೆ

ಗಂಡಸಿನ ಪರೀಕ್ಷೆ ಅಂದ್ರೆ ಒಂದು ಡಬ್ಬಿ, ಒಂದು ಕೋಣೆ, ಹತ್ತು ಹದಿನೈದು ನಿಮಿಷ. ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಮ್ಮಿ. ಹೆಣ್ಣಿನ ಪರೀಕ್ಷೆ ಅಂದ್ರೆ ತಿಂಗಳ ಇಂತಿಂಥ ದಿನ ರಕ್ತ, ಇಂತಿಂಥ ದಿನ ಒಳಗಿನ ಸ್ಕ್ಯಾನ್, ಗರ್ಭಕೋಶಕ್ಕೆ ಬಣ್ಣದ ದ್ರವ ಹಾಯಿಸಿ ನಾಳ ತೆರೆದಿದೆಯಾ ಅಂತ ತೆಗೆಯೋ ಎಕ್ಸ್‌ರೇ, ಕೆಲವರಿಗೆ ಅರಿವಳಿಕೆ ಕೊಟ್ಟು ಲ್ಯಾಪರೋಸ್ಕೋಪಿ. ಸುಲಭದ್ದು ಮೊದಲು ಮಾಡ್ಬೇಕು ಅನ್ನೋದು ಸಾಮಾನ್ಯ ಬುದ್ಧಿ. ಇಬ್ಬರನ್ನೂ ಒಟ್ಟಿಗೇ ಪರೀಕ್ಷಿಸಬೇಕು ಅಂತ ಅಮೆರಿಕದ ಯುರಾಲಜಿ ಮತ್ತು ಸಂತಾನ ವೈದ್ಯರ ಸಂಘಗಳ 2020ರ ಮಾರ್ಗಸೂಚಿಯೂ ಹೇಳುತ್ತೆ. ಬಿಎಂಐ 30 ಮತ್ತು ಮೇಲಿರುವ ಗಂಡಸರಿಗೆ ಫಲವತ್ತತೆ ಕಡಿಮೆ ಇರುವ ಸಾಧ್ಯತೆಯನ್ನ ತಿಳಿಸಬೇಕು ಅಂತ ಬ್ರಿಟನ್ನಿನ 2013ರ ಮಾರ್ಗಸೂಚಿಯಲ್ಲೇ ಇದೆ. ನಮ್ಮಲ್ಲಿ ಪಿಸಿಓಡಿ ಇರುವ ಹುಡುಗಿಗೆ “ಮೊದ್ಲು ಹತ್ತು ಕೆಜಿ ಇಳಿಸ್ಕೊಂಡು ಬಾರಮ್ಮ” ಅನ್ನೋ ಡಾಕ್ಟರು ಪಕ್ಕದಲ್ಲೇ ಕೂತ ಗಂಡನ ಕಡೆ ತಿರುಗಿ ಅದೇ ಮಾತು ಹೇಳೋದು ಎಷ್ಟು ಸಲ? ಬಹಳ ಸಲ ಅವನು ಒಳಗೇ ಬಂದಿರಲ್ಲ, ಹೊರಗೆ ಪಾರ್ಕಿಂಗ್‌ನಲ್ಲಿ ಫೋನ್ ನೋಡ್ತಿರ್ತಾನೆ.

ನನ್ನನ್ನ ಹೆಚ್ಚು ಕಾಡಿದ್ದು ಇದರ ಮುಂದಿನ ಹಂತ. ವೀರ್ಯಾಣು ಕಡಿಮೆ ಇದ್ದರೆ ಇವತ್ತು ಕ್ಲಿನಿಕ್‌ಗಳು ಕೊಡೋ ಮುಖ್ಯ ಪರಿಹಾರ ಇಕ್ಸಿ. ಒಂದೇ ಒಂದು ವೀರ್ಯಾಣುವನ್ನ ಸೂಜಿಯಿಂದ ಹಿಡಿದು ನೇರ ಅಂಡಾಣುವಿನೊಳಗೆ ಸೇರಿಸೋ ವಿಧಾನ. 1992ರಲ್ಲಿ ಬ್ರಸೆಲ್ಸ್‌ನ ತಂಡ ಇದರಿಂದಾದ ಗರ್ಭಧಾರಣೆಗಳನ್ನ ಮೊದಲು ವರದಿ ಮಾಡಿತು. ಅದ್ಭುತ ತಂತ್ರಜ್ಞಾನ, ಅನುಮಾನ ಇಲ್ಲ. ಗಂಡಸಿನ ಸಮಸ್ಯೆಗೆ ಕಂಡುಹಿಡಿದ ದಾರಿ ಇದು. ಆದರೆ ಪ್ರಕ್ರಿಯೆ ನಡೆಯೋದು ಎಲ್ಲಿ? ದಿನಾ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸ್ಕೊಳ್ಳೋಳು ಅವಳು. ಅರಿವಳಿಕೆ ಕೊಟ್ಟು ಅಂಡಾಣು ತೆಗೆಯೋದು ಅವಳಿಂದ. ಅಂಡಾಶಯ ಅತಿಯಾಗಿ ಊದಿಕೊಂಡು ಆಸ್ಪತ್ರೆ ಸೇರೋ ಅಪಾಯ ಅವಳಿಗೆ. ಭ್ರೂಣ ನಿಲ್ಲದಿದ್ದರೆ ‘ಅವಳಿಗೆ ನಿಲ್ಲಲಿಲ್ಲ’ ಅಂತ ಕರ್ತೃವೂ ಅವಳೇ. ರೋಗಿ ಅವನು, ಚಿಕಿತ್ಸೆ ಅವಳಿಗೆ. ಎಷ್ಟೋ ಗಂಡಸರಿಗೆ ಇಕ್ಸಿ ಬೇಕೇ ಬೇಕು, ಬೇರೆ ದಾರಿ ಇಲ್ಲ. ಹೆಂಡತಿಗೆ ವಯಸ್ಸು 37-38 ಆಗಿದ್ದರೆ ತೂಕ ಇಳಿಸ್ತಾ ಕಾಯೋದೂ ತಪ್ಪೇ. ಆದರೆ 29ರ ಹುಡುಗಿ, 31ರ ಹುಡುಗ, ಅವನ ಬಿಎಂಐ 33, ವರದಿಯಲ್ಲಿ ಸಂಖ್ಯೆ ಗಡಿಗಿಂತ ಸ್ವಲ್ಪ ಕೆಳಗೆ ಅಂತಿದ್ದಾಗ ಆರು ತಿಂಗಳು ಅವನ ದೇಹದ ಮೇಲೆ ಕೆಲಸ ಮಾಡೋಣ ಅಂತ ಹೇಳೋದರಿಂದ ಕ್ಲಿನಿಕ್‌ಗೆ ಸಿಗೋದು ಕನ್ಸಲ್ಟೇಶನ್ ಫೀಸು ಮಾತ್ರ. ಒಂದು ಐವಿಎಫ್ ಸೈಕಲ್ ಲಕ್ಷಗಳ ಲೆಕ್ಕ. ಮಾರುಕಟ್ಟೆ ಯಾವ ಕಡೆ ತಳ್ಳುತ್ತೆ ಅಂತ ಹೇಳೋಕೆ ಎಕನಾಮಿಕ್ಸ್ ಓದ್ಬೇಕಾಗಿಲ್ಲ.

ಕುಟುಂಬ ಯೋಜನೆಯಲ್ಲೂ ಇದೇ ಕಥೆ ನಡೆದಿದೆ. 2019-21ರ ಸಮೀಕ್ಷೆಯಲ್ಲಿ ಹೆಣ್ಣುಮಕ್ಕಳ ಸಂತಾನಹರಣ ಶಸ್ತ್ರಚಿಕಿತ್ಸೆ ಶೇ. 37.9, ಗಂಡಸರದ್ದು ಶೇ. 0.3. ಮಕ್ಕಳು ಬೇಡ ಅಂದ್ರೂ ಕತ್ತರಿ ಅವಳಿಗೆ, ಬೇಕು ಅಂದ್ರೂ ಸೂಜಿ ಅವಳಿಗೆ.

ಜಿಮ್ ಇಂಜೆಕ್ಷನ್ ಎಂಬ ಬಲೆ

ಇದನ್ನ ಓದುವ ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಸುಸ್ತು, ಹೊಟ್ಟೆ, ಆಸಕ್ತಿ ಕಡಿಮೆ ಅಂತ ಪರೀಕ್ಷೆ ಮಾಡಿಸಿದಾಗ ಟೆಸ್ಟೋಸ್ಟಿರಾನ್ ಕಡಿಮೆ ಬಂದಿರುತ್ತೆ. ‘ಅದನ್ನೇ ಹೊರಗಿಂದ ತಗೊಂಡ್ರಾಯ್ತಲ್ಲ’ ಅಂತ ಜಿಮ್ ಟ್ರೇನರ್ರೋ ಯೂಟ್ಯೂಬರ್ರೋ ಹೇಳ್ತಾರೆ. ಮೇಲಿನ ಫ್ಲೋಟ್ ಸ್ವಿಚ್ ನೆನಪಿಸ್ಕೊಳ್ಳಿ. ಹೊರಗಿನಿಂದ ಟೆಸ್ಟೋಸ್ಟಿರಾನ್ ಚುಚ್ಚಿದರೆ ಮೆದುಳು ‘ಟ್ಯಾಂಕು ತುಂಬಿದೆ’ ಅಂತ ಮೋಟರ್ ಪೂರ್ತಿ ಆಫ್ ಮಾಡುತ್ತೆ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಭರ್ತಿ, ವೃಷಣದಲ್ಲಿ ಉತ್ಪಾದನೆ ಬಂದ್. ವೀರ್ಯಾಣು ಸೊನ್ನೆಗೆ ಇಳಿಯಬಹುದು. ಎಷ್ಟರಮಟ್ಟಿಗೆ ಅಂದ್ರೆ, 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಅನ್ನು ಗಂಡಸರ ಗರ್ಭನಿರೋಧಕವಾಗಿಯೇ ಪ್ರಯೋಗ ಮಾಡಿತ್ತು. ಮಗು ಬೇಕು ಅಂತ ಗರ್ಭನಿರೋಧಕ ತಗೊಳ್ಳೋದು! ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ವಾಪಸ್ ಬರುತ್ತೆ, ಆದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತೆ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲಿನ ‘ಪುರುಷರ ಸಮಸ್ಯೆಗೆ ಶಾಶ್ವತ ಪರಿಹಾರ’ದ ಪೋಸ್ಟರ್‌ಗಳ ಕಥೆ ಬೇರೆ. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅನ್ನೋ ಔಷಧ ಜಾಹೀರಾತುಗಳನ್ನ ನಿಷೇಧಿಸುವ ಕಾನೂನು 1954ರಿಂದಲೇ ಇದೆ. ಪೋಸ್ಟರ್ರೂ ಇದೆ.

2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೋವಿಯಂಥ ತೂಕ ಇಳಿಸೋ ಇಂಜೆಕ್ಷನ್‌ಗಳು ಈ ಜಾತಿಯವಲ್ಲ, ಹಸಿವನ್ನ ತಗ್ಗಿಸುವ ಔಷಧಗಳವು. ವೈದ್ಯರ ನಿಗಾದಲ್ಲಿ ಕೆಲವರಿಗೆ ಉಪಯೋಗ ಆಗುತ್ತೆ. ಆದರೆ ಮೂವತ್ತು ಪರ್ಸೆಂಟ್ ಗಂಡಸರಿಗೆ ವಾರವಾರದ ಇಂಜೆಕ್ಷನ್ನೇ ನಮ್ಮ ಉತ್ತರ ಅಂದ್ರೆ ಅದು ಸೋತ ಸರ್ಕಾರದ ಉತ್ತರ.

‘ಮಕ್ಕಳು ಹೆರಿ’ ಅನ್ನೋ ರಾಜಕೀಯ

2024ರ ಅಕ್ಟೋಬರ್‌ನಲ್ಲಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಮಾಡ್ಕೊಳ್ಳಿ ಅಂದ್ರು. ಅದರ ಬೆನ್ನಲ್ಲೇ ಸ್ಟಾಲಿನ್, ಕ್ಷೇತ್ರ ಪುನರ್ವಿಂಗಡಣೆಯ ಭಯ ಮುಂದಿಟ್ಟು, ಹದಿನಾರು ಯಾಕಾಗಬಾರದು ಅನ್ನೋ ಧಾಟಿಯಲ್ಲಿ ಮಾತಾಡಿದರು. ಡಿಸೆಂಬರ್‌ನಲ್ಲಿ ಮೋಹನ್ ಭಾಗವತ್ ಮೂರು ಮಕ್ಕಳು ಬೇಕು ಅಂದ್ರು. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7 ಇತ್ತು, ಹಾಗಾಗಿ ಈ ಮಾತು ಇಲ್ಲಿಗೂ ಬರುತ್ತೆ. ಸ್ಪಷ್ಟವಾಗಿರಲಿ, ಈ ದರ ಇಳಿದಿರೋದು ವೀರ್ಯಾಣು ಇಳಿದಿದ್ದರಿಂದ ಅಲ್ಲ. ಹೆಣ್ಣುಮಕ್ಕಳು ಓದಿದರು, ತಡವಾಗಿ ಮದುವೆಯಾದರು, ಒಂದೋ ಎರಡೋ ಸಾಕು ಅಂತ ತೀರ್ಮಾನ ಮಾಡಿದರು. ಅದು ಸಾಧನೆ. ಅದನ್ನ ಕಾಯಿಲೆ ಅಂತ ಕರೆಯೋ ರಾಜಕೀಯಕ್ಕೆ ಈ ಬರಹ ಬಳಕೆಯಾಗೋದು ಬೇಡ. ನನ್ನ ತಕರಾರು ಇಷ್ಟೇ. ಹೆಚ್ಚು ಮಕ್ಕಳು ಬೇಕು ಅನ್ನೋ ಈ ನಾಯಕರಲ್ಲಿ ಒಬ್ಬರಿಗೂ, ಒಂದೇ ಒಂದು ಮಗು ಬೇಕು ಅಂತ ಸಾಲ ಮಾಡ್ತಿರೋ ದಂಪತಿ ಕಾಣಲಿಲ್ಲ.

ಆಯುಷ್ಮಾನ್ ಭಾರತ್ ಯೋಜನೆ ಫಲವತ್ತತೆ ಚಿಕಿತ್ಸೆಗೆ ಹಣ ಕೊಡಲ್ಲ. ಖಾಸಗಿ ವಿಮೆಯಲ್ಲಿ ಬಂಜೆತನ ಅನ್ನೋದು ವಿಮಾ ನಿಯಂತ್ರಣ ಪ್ರಾಧಿಕಾರವೇ ಒಪ್ಪಿದ ಹೊರಗಿಡುವ ಪಟ್ಟಿಯಲ್ಲಿದೆ, ಕೆಲವು ಕಂಪನಿಗಳು ಪ್ರತ್ಯೇಕವಾಗಿ ಸೇರಿಸಿಕೊಡ್ತವೆ ಅಷ್ಟೇ. ಅದೇ ಪಟ್ಟಿಯಲ್ಲಿ ಬೊಜ್ಜಿನ ಚಿಕಿತ್ಸೆಯೂ ಇದೆ. ಬಿಎಂಐ 40 ಮುಟ್ಟಿದರೆ, ಅಥವಾ 35ರ ಜೊತೆ ಗಂಭೀರ ಕಾಯಿಲೆ ಇದ್ದರೆ ಶಸ್ತ್ರಚಿಕಿತ್ಸೆಗೆ ಮಾತ್ರ ದಾರಿ ಉಂಟು. ಅಂದ್ರೆ ಬೊಜ್ಜು ಬರುವಾಗ ಕೈಹಿಡಿಯಲ್ಲ, ಅದರಿಂದ ಮಕ್ಕಳಾಗದಿದ್ದಾಗಲೂ ಕೈಹಿಡಿಯಲ್ಲ. ಪಕ್ಕದ ಗೋವಾ 2023ರಲ್ಲಿ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರು ಮಾಡಿತು.

ಬೊಜ್ಜಿನ ಬಗ್ಗೆ ಪ್ರಧಾನಿ 2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಮಾತಾಡಿದ್ದರು. ಅಡುಗೆ ಎಣ್ಣೆ ಶೇ. 10 ಕಡಿಮೆ ಮಾಡಿ ಅಂದ್ರು, ಹತ್ತು ಜನರಿಗೆ ಚಾಲೆಂಜ್ ಹಾಕಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಚಾಕೊಲೇಟು, ಬಿಸ್ಕತ್ತು, ಐಸ್‌ಕ್ರೀಮು ಶೇ. 18ರಿಂದ 5ಕ್ಕೆ, ಪ್ಯಾಕೆಟ್ ಖಾರ-ಮಿಕ್ಸ್ಚರು 12ರಿಂದ 5ಕ್ಕೆ ಇಳಿದವು. ಜಿಮ್ ಫೀಸಿನ ಮೇಲಿನ ತೆರಿಗೆಯೂ 18ರಿಂದ 5ಕ್ಕೆ ಇಳಿಯಿತು ಅನ್ನಿ. ಪ್ಯಾಕೆಟ್ಟಿನ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಪ್ರಮಾಣ ತಿಳಿಸೋ ಲೇಬಲ್ ವಿಷಯದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕರಡು ಹೊರಡಿಸಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದೂ ಎಚ್ಚರಿಕೆಯ ಚಿಹ್ನೆ ಅಲ್ಲ, ಸ್ಟಾರ್ ರೇಟಿಂಗ್. ಚಿಪ್ಸಿಗೆ ಒಂದು ಸ್ಟಾರ್ ಕೊಟ್ಟರೂ ಅದು ಸ್ಟಾರೇ ಅಲ್ವಾ? 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಡಬೇಕಾಯ್ತು. ಚಿಲಿ ದೇಶ 2016ರಲ್ಲೇ ಪ್ಯಾಕೆಟ್ಟಿನ ಮೇಲೆ ಕಪ್ಪು ಅಷ್ಟಭುಜದ ಎಚ್ಚರಿಕೆ ಹಾಕಿಸಿತು. ಅದಕ್ಕೆ ಚಾಲೆಂಜ್ ಬೇಕಾಗಿರಲಿಲ್ಲ.

ದುಡಿಮೆಯ ಗಂಟೆಗಳ ಮಾತೂ ಇಲ್ಲಿಗೇ ಸೇರುತ್ತೆ. ಹೈದರಾಬಾದಿನ 345 ಐಟಿ ನೌಕರರನ್ನ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 71ಕ್ಕೂ ಹೆಚ್ಚು ಮಂದಿಗೆ ಬೊಜ್ಜು, ಶೇ. 84 ಮಂದಿಯ ಲಿವರ್‌ನಲ್ಲಿ ಕೊಬ್ಬು ಕಂಡಿತ್ತು. ಬೆಂಗಳೂರಿನ ಕುರ್ಚಿಗಳು ಬೇರೆ ಥರ ಇವೆ ಅಂತ ನಂಬೋಕೆ ನನಗೆ ಕಾರಣ ಸಿಗ್ತಿಲ್ಲ. ಅದೇ ವರ್ಷದ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು ವಾರಕ್ಕೆ 90 ಗಂಟೆ ದುಡಿಯೋ ಮಾತಾಡ್ತಾ, ಮನೇಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡ್ತೀರಿ ಅನ್ನೋ ಅರ್ಥದ ಪ್ರಶ್ನೆ ಕೇಳಿದ್ದರು. ದಿನಕ್ಕೆ 12 ಗಂಟೆ ಕೂರಿಸಿ, ರಾತ್ರಿ ಹನ್ನೊಂದಕ್ಕೆ ಆ್ಯಪ್‌ನಲ್ಲಿ ಬಿರಿಯಾನಿ ತರಿಸಿ, ಐದು ಗಂಟೆ ನಿದ್ದೆ ಕೊಟ್ಟು, ಆಮೇಲೆ ಅವನ ಬೊಜ್ಜಿಗೆ ಅವನ ಶಿಸ್ತೇ ಕಾರಣ ಅನ್ನೋದು ಅನ್ಯಾಯ. ದಪ್ಪಗಿರುವವನನ್ನ ಹಂಗಿಸೋಕೆ ಈ ವಿಷಯವನ್ನ ಬಳಸೋದೂ ಅಷ್ಟೇ ಅನ್ಯಾಯ. ಹೆಂಡತಿಗೆ ಬೀಳ್ತಿದ್ದ ಚುಚ್ಚುಮಾತು ಗಂಡನ ಕಡೆಗೆ ತಿರುಗಿದರೆ ಗೆದ್ದಂಗಲ್ಲ.

ಏನು ಮಾಡಬಹುದು ಅಂದ್ರೆ ದೊಡ್ಡ ಬಜೆಟ್ಟೇ ಬೇಕಾಗಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ನೋಡೋಕೆ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬರ್ತಾರೆ. ಅವರ ಚೀಲದಲ್ಲಿ ಒಂದು ಟೇಪು ಇರಲಿ, ಗಂಡಸರ ಸೊಂಟವೂ ಲೆಕ್ಕಕ್ಕೆ ಬರಲಿ, ವಯಸ್ಸಿನ ಗಡಿ 30ರಿಂದ ಕೆಳಗಿಳಿಯಲಿ. ತಾಲೂಕು ಆಸ್ಪತ್ರೆಗಳ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇದೆ, ವೀರ್ಯ ಪರೀಕ್ಷೆಗೆ ಬೇಕಿರೋದು ತರಬೇತಿ ಪಡೆದ ಟೆಕ್ನಿಷಿಯನ್ ಮತ್ತು ಚಿಲಕ ಇರುವ ಒಂದು ಕೋಣೆ. ಮಕ್ಕಳಾಗಿಲ್ಲ ಅಂತ ಬಂದ ಹೆಣ್ಣಿಗೆ ನೋವಿನ ಪರೀಕ್ಷೆಗಳನ್ನ ಬರೆಯೋ ಮೊದಲು ಗಂಡನ ವರದಿ ಫೈಲಿನಲ್ಲಿರಬೇಕು ಅನ್ನೋ ಒಂದು ಸುತ್ತೋಲೆ ಆರೋಗ್ಯ ಇಲಾಖೆಗೆ ಕಷ್ಟದ ಕೆಲಸ ಅಲ್ಲ.

ಮಗು ಬೇಕು ಅಂತ ಒಂದು ವರ್ಷ ಪ್ರಯತ್ನಿಸಿಯೂ ಆಗಿಲ್ಲ ಅನ್ನುವವರಿಗೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ವಿವರ ಇಷ್ಟು: ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗಿರಬಾರದು. ಇತ್ತೀಚೆಗೆ ಜ್ವರ ಬಂದಿದ್ದರೆ, ಯಾವುದಾದರೂ ಸ್ಟೀರಾಯ್ಡ್ ಅಥವಾ ಜಿಮ್ ಪೌಡರ್ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೆಳಗಿನ ಗಡಿ ಮಿಲಿಲೀಟರಿಗೆ 16 ಮಿಲಿಯನ್, ಒಟ್ಟು 39 ಮಿಲಿಯನ್, ಚಲನೆ ಶೇ. 42. ಅದಕ್ಕಿಂತ ಕಡಿಮೆ ಬಂದರೆ ಮಕ್ಕಳಾಗಲ್ಲ ಅಂತಲ್ಲ, ಹೆಚ್ಚು ಬಂದರೆ ಆಗೇ ಆಗುತ್ತೆ ಅಂತಲೂ ಅಲ್ಲ. ಒಂದು ವರದಿ ಸಾಲದು, ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸಬೇಕು. ತೂಕ ಇಳಿಸೋಕೆ ಶುರು ಮಾಡಿದ್ದರೆ ಮೂರು ತಿಂಗಳು ಬಿಟ್ಟು ಮೂರನೆಯದು. ಡಾಕ್ಟರ ಕೋಣೆಯೊಳಗೆ ಇಬ್ಬರೂ ಹೋಗಬೇಕು.